ಗುಹೆಯ ನೆತ್ತಿಯ ಮೇಲಿನ ನೆಲ



ಗುಹೆ ಎಂದೊಡನೆ ಕನ್ನಡಿಗರ ಕಣ್ಣ ಮುಂದೆ ಮೊದಲು ಬರುವುದು ಬಾದಾಮಿ. ಅಲ್ಲಿನ ಮೂರನೆಯ ಗುಹೆಯಲ್ಲಿ ಕ್ರಿ.ಶ. 578ರ ಶಾಸನವಿದೆ. ಕೊರೆಸಿದವರು ಯಾರು, ಯಾವ ದೇವರಿಗಾಗಿ ಕೊರೆಸಿದರು ಎಂಬುದಕ್ಕೆ ಕಲ್ಲೇ ಸಾಕ್ಷಿ. ಇಂದು ನಾನು ಹೇಳಹೊರಟಿರುವುದು ಉಳಿ ಮುಟ್ಟದ ಗುಹೆಗಳ ವಿಷಯ. ಅವುಗಳಲ್ಲಿ ಹೆಚ್ಚಿನವನ್ನು ಕೊರೆದದ್ದು ನೀರು. ಆ ನೀರು ಗುಹೆಗೆ ಇಳಿಯುವ ಮೊದಲು ಹೊಲದ ಮೇಲೆ, ಕಾಡಿನ ಮೇಲೆ, ಊರಿನ ಮೇಲೆ ಬಿದ್ದು ಮಣ್ಣಿನಲ್ಲಿ ಇಂಗಿ ಬಂದದ್ದು. ಹಾಗಾಗಿ ಗುಹೆಯ ಹುಟ್ಟು, ಬೆಳವಣಿಗೆ, ಕೇಡು ಬಹುಪಾಲು ಮೇಲಿನ ನೆಲದಲ್ಲೇ ತೀರ್ಮಾನವಾಗುತ್ತವೆ. ಗುಹೆಯ ಬಾಯಿಗೆ ಗೇಟು ಹಾಕಿ, ಪಕ್ಕದಲ್ಲಿ ಟಿಕೆಟ್ ಕೌಂಟರ್ ಇಟ್ಟು, ಕಾಪಾಡಿದೆವು ಎಂದು ನಾವು ಸಮಾಧಾನಪಡುತ್ತೇವೆ. ಅಷ್ಟು ಸಾಲದು ಎಂಬುದನ್ನು ಈ ಉಪನ್ಯಾಸದಲ್ಲಿ ವಿವರಿಸಲು ಪ್ರಯತ್ನಿಸುತ್ತೇನೆ.

ನಮಗೆ ಹತ್ತಿರದ ದೊಡ್ಡ ಗುಹೆ ಆಂಧ್ರದ ಬೇಲಂ. ಬಳ್ಳಾರಿಯಿಂದಲೂ ಬೆಂಗಳೂರಿನಿಂದಲೂ ರಜೆಯ ದಿನಗಳಲ್ಲಿ ಜನ ಹೋಗಿಬರುತ್ತಾರೆ. ಈಗಿನ ನಂದ್ಯಾಲ ಜಿಲ್ಲೆಯ ಕೊಲಿಮಿಗುಂಡ್ಲದ ಬಳಿ ಇರುವ ಈ ಜಾಗಕ್ಕೆ ಮೊದಲ ಸಲ ಹೋದವರು ಬೆಟ್ಟ ಹುಡುಕುತ್ತಾರೆ. ಅಲ್ಲಿ ಬೆಟ್ಟವಿಲ್ಲ. ಸಪಾಟು ನೆಲದಲ್ಲಿ ಬಾವಿಯಂಥ ಮೂರು ಕುಳಿಗಳಿವೆ. ನಡುವಿನ ಕುಳಿಯಲ್ಲಿ ಇಳಿದರೆ ಗುಹೆ ತೆರೆದುಕೊಳ್ಳುತ್ತದೆ. ಅಳೆದ ಉದ್ದ 3,229 ಮೀಟರ್. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1884ರಲ್ಲಿ ಇದನ್ನು ದಾಖಲಿಸಿದರು. ಬಳ್ಳಾರಿ ಸೀಮೆಯ ಪ್ರಾಗಿತಿಹಾಸವನ್ನು ಲೋಕಕ್ಕೆ ತೋರಿಸಿದ ಅದೇ ಫೂಟ್. ಅವರ ನಂತರ ಸುಮಾರು ನೂರು ವರ್ಷ ಯಾರೂ ಗಂಭೀರವಾಗಿ ಒಳಹೊಗಲಿಲ್ಲ. 1982–83ರಲ್ಲಿ ಡೇನಿಯಲ್ ಗೆಬಾವರ್ ನೇತೃತ್ವದ ಜರ್ಮನ್ ತಂಡ ಬಂದು ವಿವರವಾಗಿ ಶೋಧಿಸಿತು.

ಬೇಲಂನ ಕಲ್ಲು ಕಪ್ಪು ಸುಣ್ಣಕಲ್ಲು. ಬೆನ್ನೆಲುಬಿನ ಪ್ರಾಣಿಗಳು ಭೂಮಿಯಲ್ಲಿ ಹುಟ್ಟುವ ಎಷ್ಟೋ ಮೊದಲು ಸಮುದ್ರದ ತಳದಲ್ಲಿ ಪದರಪದರವಾಗಿ ಕುಳಿತದ್ದು. ಬರಿಯ ನೀರಿಗೆ ಸುಣ್ಣಕಲ್ಲು ಅಷ್ಟಾಗಿ ಕರಗುವುದಿಲ್ಲ. ಕರಗಿಸುವ ಶಕ್ತಿ ನೀರಿಗೆ ಬರುವುದು ಮಣ್ಣಿನಿಂದ. ಹೊರಗಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಶೇ. 0.04ರಷ್ಟು ಮಾತ್ರ. ಮಣ್ಣಿನ ಕಣಗಳ ನಡುವೆ ಸಿಕ್ಕಿಕೊಂಡ ಗಾಳಿಯಲ್ಲಿ ಅದು ಹತ್ತಾರು ಪಟ್ಟು ಹೆಚ್ಚು. ಬೇರುಗಳು ಉಸಿರಾಡುತ್ತವೆ, ಕೊಳೆಯುವ ಎಲೆಯನ್ನು ತಿನ್ನುವ ಸೂಕ್ಷ್ಮಜೀವಿಗಳು ಉಸಿರಾಡುತ್ತವೆ. ಮಳೆನೀರು ಈ ಉಸಿರನ್ನು ಹೀರಿಕೊಂಡು ದುರ್ಬಲವಾದ ಕಾರ್ಬೋನಿಕ್ ಆಮ್ಲವಾಗಿ ಬಿರುಕುಗಳಲ್ಲಿ ಇಳಿಯುತ್ತದೆ. ಅಂದರೆ ಮೇಲೆ ಬದುಕಿರುವ ಗಿಡಮರಗಳೇ ಕೆಳಗಿನ ಕಲ್ಲನ್ನು ತೆರೆಯುತ್ತಿವೆ. ಈ ಒಂದು ಸಂಗತಿ ಮನಸ್ಸಿನಲ್ಲಿ ನಿಂತರೆ ಗುಹೆಗಳ ಬಗೆಗಿನ ಉಳಿದ ಮಾತುಗಳೆಲ್ಲ ಸುಲಭವಾಗುತ್ತವೆ.

ಶುರುವಿನ ಕೆಲಸ ಬಹಳ ನಿಧಾನ. ಕೂದಲೆಳೆಯಷ್ಟು ಬಿರುಕಿನಲ್ಲಿ ನೀರು ತೆವಳುವಾಗ ಅದರ ಆಮ್ಲದ ಶಕ್ತಿ ಬೇಗ ತೀರಿಹೋಗುತ್ತದೆ. ಆ ಬಿರುಕು ಒಂದು ಸೆಂಟಿಮೀಟರ್ ಅಗಲವಾಗಲು ಸಾವಿರಾರು ವರ್ಷ ಬೇಕು. ಅಷ್ಟು ಅಗಲವಾದ ಮೇಲೆ ವೇಗ ಬದಲಾಗುತ್ತದೆ. ನೀರು ಸುಳಿಸುಳಿದು ಹರಿಯತೊಡಗುತ್ತದೆ, ಶಕ್ತಿ ಉಳಿಸಿಕೊಂಡೇ ಇನ್ನೊಂದು ತುದಿ ತಲುಪುತ್ತದೆ. ಪಕ್ಕದ ಬಿರುಕುಗಳ ನೀರೆಲ್ಲ ಅದೇ ದಾರಿಗೆ ತಿರುಗುತ್ತದೆ. ಹೀಗೆ ನೂರು ಬಿರುಕುಗಳಲ್ಲಿ ಕೆಲವಷ್ಟೇ ಗುಹೆಗಳಾಗುತ್ತವೆ. ಬೇಲಂನಲ್ಲಿ ಹಾದಿಗಳು ಒಂದನ್ನೊಂದು ಅಡ್ಡ ಕತ್ತರಿಸುತ್ತ, ಅಪರಿಚಿತರು ದಿಕ್ಕು ತಪ್ಪುವಂತೆ ಹೆಣೆದುಕೊಂಡಿರುವುದಕ್ಕೆ ಆ ಕಲ್ಲಿನ ಸೀಳುಗಳೇ ಅಡ್ಡ ಉದ್ದ ಇರುವುದು ಕಾರಣ. ನೀರು ತುಂಬಿ ನಿಂತಿದ್ದ ಕಾಲದಲ್ಲಿ ಹಲವು ಸೀಳುಗಳು ಒಟ್ಟಿಗೆ ಅಗಲವಾದವು.

ನೀರು ತುಂಬಿದ ಗುಹೆಗೂ ನೀರು ಇಳಿದ ಗುಹೆಗೂ ಆಕಾರದಲ್ಲಿ ವ್ಯತ್ಯಾಸವಿದೆ. ಪೂರ್ತಿ ಮುಳುಗಿದ್ದಾಗ ನೀರು ಮೇಲೆ, ಕೆಳಗೆ, ಪಕ್ಕಕ್ಕೆ ಸಮನಾಗಿ ಕರಗಿಸುತ್ತದೆ, ಹಾದಿ ಗುಂಡಗಿರುತ್ತದೆ. ಹತ್ತಿರದ ಹೊಳೆ ತನ್ನ ಪಾತ್ರವನ್ನು ಆಳ ಮಾಡಿಕೊಂಡಂತೆ ಅಂತರ್ಜಲದ ಮಟ್ಟ ಕುಸಿಯುತ್ತದೆ, ಗುಹೆಯೊಳಗೆ ಗಾಳಿ ಬರುತ್ತದೆ. ಆಮೇಲೆ ನೀರು ನೆಲವನ್ನಷ್ಟೇ ಕೊರೆಯುತ್ತ ಇಕ್ಕಟ್ಟಾದ ಕಂದರ ಮಾಡುತ್ತದೆ. ಇದೇ ಹಂತದಲ್ಲಿ ಇನ್ನೊಂದು ಅಪಾಯವೂ ಕಾದಿರುತ್ತದೆ. ಅಲ್ಲಿಯವರೆಗೆ ನೀರು ಚಾವಣಿಯನ್ನು ಕೆಳಗಿನಿಂದ ಆನಿಸಿ ಹಿಡಿದಿತ್ತು. ನೀರು ಹೋದಾಗ ಆ ಆಸರೆಯೂ ಹೋಗುತ್ತದೆ. ಬಂಡೆಗಳು ಕಳಚಿ ಬೀಳುತ್ತವೆ. ಕುಸಿತ ಮೇಲಿನವರೆಗೂ ತಲುಪಿದರೆ ನೆಲದಲ್ಲಿ ಕುಳಿ ಬೀಳುತ್ತದೆ. ಸುಣ್ಣಕಲ್ಲಿನ ನಾಡಿನಲ್ಲಿ ಕೊಳವೆಬಾವಿಗಳಿಂದ ಮಿತಿಮೀರಿ ನೀರೆತ್ತಿದರೆ ಸಾವಿರಾರು ವರ್ಷಗಳಲ್ಲಿ ಆಗಬೇಕಾದ ಕುಸಿತ ಕೆಲವೇ ವರ್ಷಗಳಲ್ಲಿ ಆಗಬಹುದು. ನೀರೆತ್ತುವ ರೈತನಿಗೆ ತನ್ನ ಕಾಲಡಿಯಲ್ಲಿ ಏನಿದೆಯೆಂದು ಯಾರೂ ಹೇಳಿರುವುದಿಲ್ಲ.

ಗಾಳಿ ತುಂಬಿದ ಗುಹೆಯಲ್ಲಿ ನೀರು ಕೆಡವುವುದನ್ನು ಬಿಟ್ಟು ಕಟ್ಟಲು ತೊಡಗುತ್ತದೆ. ಸುಣ್ಣ ಕರಗಿಸಿಕೊಂಡ ಹನಿ ಚಾವಣಿಗೆ ಬಂದು ತೂಗುತ್ತದೆ. ಗುಹೆಯ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಮಣ್ಣಿನಲ್ಲಿದ್ದುದಕ್ಕಿಂತ ಕಡಿಮೆ. ಗೋಲಿ ಸೋಡಾದ ಬಾಯಿ ತೆರೆದಾಗ ಅನಿಲ ಹೊರಹಾರುವಂತೆ ಹನಿಯೊಳಗಿನ ಅನಿಲ ಹಾರಿಹೋಗುತ್ತದೆ. ಸುಣ್ಣವನ್ನು ಹಿಡಿದಿಡುವ ಶಕ್ತಿ ನೀರಿಗೆ ಉಳಿಯುವುದಿಲ್ಲ, ತೆಳುವಾದ ಕ್ಯಾಲ್ಸೈಟ್ ಪದರ ಕಲ್ಲಿಗೆ ಅಂಟುತ್ತದೆ. ಮೇಲಿಂದ ಇಳಿಯುವ ತೊಂಗಲು ಸ್ಟಾಲಕ್ಟೈಟ್, ಕೆಳಗೆ ಹನಿ ಬಿದ್ದಲ್ಲಿ ಏಳುವ ದಿಬ್ಬ ಸ್ಟಾಲಗ್ಮೈಟ್. ವರ್ಷಕ್ಕೆ ಮಿಲಿಮೀಟರಿನ ಹತ್ತನೆಯ ಒಂದು ಭಾಗ ಬೆಳೆದರೆ ಅದು ಸಾಮಾನ್ಯ ವೇಗ. ದಾಂಡೇಲಿ ಕಾಡಿನ ಕವಳಾ ಗುಹೆಯಲ್ಲಿ ಹೀಗೆ ಎದ್ದ ಸ್ಟಾಲಗ್ಮೈಟನ್ನೇ ಜನ ಲಿಂಗವೆಂದು ಪೂಜಿಸುತ್ತ ಬಂದಿದ್ದಾರೆ. ಶಿವರಾತ್ರಿಗೆ ಅಲ್ಲಿ ಭಕ್ತರು ಸೇರುತ್ತಾರೆ. ಹನಿಯಿಂದ ಬೆಳೆಯುವ ಕಲ್ಲನ್ನು ದೇವರೆಂದು ಕಂಡ ಆ ಕಣ್ಣಿನ ಬಗ್ಗೆ ನನಗೆ ಗೌರವವಿದೆ. ಆದರೆ ಯಾವ ಗುಹೆಯಲ್ಲೇ ಆಗಲಿ, ಬೆಳೆಯುತ್ತಿರುವ ಕಲ್ಲನ್ನು ಕೈಯಿಂದ ಸವರಬಾರದು. ಚರ್ಮದ ಎಣ್ಣೆಯಂಶ ಕುಳಿತಲ್ಲಿ ಹೊಸ ಪದರ ಸರಿಯಾಗಿ ಅಂಟುವುದಿಲ್ಲ, ಕಲ್ಲು ಕಪ್ಪಾಗುತ್ತದೆ.

ಈ ಪದರಗಳು ಬರಿಯ ಅಲಂಕಾರವಲ್ಲ, ಅವು ಮಳೆಯ ದಿನಚರಿ. ಮೇಘಾಲಯದ ಸೊಹ್ರಾ ಬಳಿ ಮಾಮ್ಲುಹ್ ಎಂಬ ಗುಹೆಯಿದೆ. ಅಲ್ಲಿನ ಒಂದು ಸ್ಟಾಲಗ್ಮೈಟನ್ನು ಕತ್ತರಿಸಿ ಪದರಗಳಲ್ಲಿನ ಆಕ್ಸಿಜನ್ ಐಸೊಟೋಪುಗಳನ್ನು ಅಳೆದಾಗ ಸುಮಾರು 4,200 ವರ್ಷಗಳ ಹಿಂದೆ ಮುಂಗಾರು ಬಲವಾಗಿ ಕುಸಿದದ್ದು ಕಾಣಿಸಿತು. ಮಳೆ ಜೋರಾಗಿದ್ದ ವರ್ಷಗಳ ನೀರಿನಲ್ಲಿ ಹಗುರ ಆಕ್ಸಿಜನ್ ಹೆಚ್ಚು, ಕ್ಷೀಣಿಸಿದ ವರ್ಷಗಳಲ್ಲಿ ಭಾರದ್ದು ಹೆಚ್ಚು. ಕಾಲ ತಿಳಿಯುವ ಬಗೆಯೂ ಸೊಗಸಾಗಿದೆ. ಯುರೇನಿಯಂ ನೀರಿನಲ್ಲಿ ಕರಗುತ್ತದೆ, ಥೋರಿಯಂ ಕರಗುವುದಿಲ್ಲ. ಹೊಸ ಪದರ ಕುಳಿತಾಗ ಅದರಲ್ಲಿ ಯುರೇನಿಯಂ ಇರುತ್ತದೆ, ಥೋರಿಯಂ ಇರುವುದೇ ಇಲ್ಲವೆನ್ನಬೇಕು. ಮುಂದೆ ಯುರೇನಿಯಂ ಕ್ಷಯಿಸಿ ಥೋರಿಯಂ ಹುಟ್ಟುತ್ತದೆ. ಎಷ್ಟು ಹುಟ್ಟಿದೆ ಎಂದು ಅಳೆದರೆ ಪದರದ ವಯಸ್ಸು ಸಿಗುತ್ತದೆ. 2018ರಲ್ಲಿ ಅಂತರರಾಷ್ಟ್ರೀಯ ಭೂವಿಜ್ಞಾನ ಒಕ್ಕೂಟ ನಾವೀಗ ಬದುಕಿರುವ ಭೂಕಾಲದ ವಿಭಾಗಕ್ಕೆ ‘ಮೇಘಾಲಯನ್’ ಎಂದು ಹೆಸರಿಟ್ಟಿತು. ಅದರ ಆರಂಭಕ್ಕೆ ಆಧಾರ ಆ ಸ್ಟಾಲಗ್ಮೈಟ್. ಭಾರತದ ಒಂದು ಗುಹೆಯ ಕಲ್ಲು ಇಡೀ ಜಗತ್ತಿನ ಕಾಲಗಣನೆಗೆ ಗುರುತಾಗಿ ನಿಂತಿರುವುದು ನಮ್ಮ ಶಾಲಾ ಪಠ್ಯಗಳಲ್ಲಿ ದೊಡ್ಡದಾಗಿ ಬರಬೇಕು.

ಇನ್ನು ಮನುಷ್ಯ ಒಳಗೆ ಹೋದಾಗ ಏನಾಗುತ್ತದೆ ಎಂಬುದಕ್ಕೆ ಬರುತ್ತೇನೆ. ಇಲ್ಲಿ ಸ್ವಲ್ಪ ನಿಲ್ಲಬೇಕಾಗಿದೆ. ಆಳದ ಗುಹೆಯಲ್ಲಿ ವರ್ಷವಿಡೀ ಉಷ್ಣತೆ ಹೆಚ್ಚುಕಡಿಮೆ ಒಂದೇ. ಅದು ಹೊರಗಿನ ವಾರ್ಷಿಕ ಸರಾಸರಿಗೆ ಹತ್ತಿರವಿರುತ್ತದೆ. ಅಲ್ಲಿಗೆ ಒಬ್ಬ ಮನುಷ್ಯ ಹೊಕ್ಕರೆ ಅವನ ಮೈಯಿಂದ ಸುಮಾರು 100 ವಾಟ್ ಶಾಖ ಹೊರಡುತ್ತದೆ. ಅವನ ಉಸಿರಿನಲ್ಲಿ ಶೇ. 4ರಷ್ಟು ಇಂಗಾಲದ ಡೈಆಕ್ಸೈಡ್, ಜೊತೆಗೆ ತೇವ. ಬಟ್ಟೆಯ ಎಳೆ, ಕೂದಲು, ಚರ್ಮದ ಹುಡಿ ಉದುರುತ್ತವೆ; ಚಪ್ಪಲಿಯಲ್ಲಿ ಹೊರಗಿನ ಬೀಜಾಣು ಬರುತ್ತದೆ. ಒಬ್ಬನದು ಲೆಕ್ಕಕ್ಕಿಲ್ಲ. ದಿನಕ್ಕೆ ಸಾವಿರ ಜನರದು ಏನು ಮಾಡುತ್ತದೆ ಎಂಬುದನ್ನು ಫ್ರಾನ್ಸಿನ ಲಾಸ್ಕೋ ಗುಹೆ ತೋರಿಸಿಕೊಟ್ಟಿತು.

1940ರ ಸೆಪ್ಟೆಂಬರ್ 12ರಂದು ಮಾರ್ಸೆಲ್ ರವಿದಾ ಮತ್ತು ಅವನ ಗೆಳೆಯರು ಆ ಗುಹೆಗೆ ಇಳಿದಾಗ ಕಂಡದ್ದು ಗೋಡೆ ತುಂಬ ಗೂಳಿ, ಕುದುರೆ, ಜಿಂಕೆಗಳು. ಹದಿನೇಳು ಸಾವಿರ ವರ್ಷಗಳಷ್ಟು ಹಳೆಯ ಚಿತ್ರಗಳು, ಬಣ್ಣ ಮಾಸಿರಲಿಲ್ಲ. ಬಾಯಿ ಮುಚ್ಚಿದ್ದ ಮಣ್ಣುಕಲ್ಲಿನ ರಾಶಿಯೇ ಒಳಗಿನ ಗಾಳಿಯನ್ನು ಕಾದಿತ್ತು. 1948ರಲ್ಲಿ ಸಾರ್ವಜನಿಕರಿಗೆ ತೆರೆಯಲು ಆ ರಾಶಿಯನ್ನು ತೆಗೆದರು, ಬಾಗಿಲು ಅಗಲ ಮಾಡಿದರು, ನೆಲ ತಗ್ಗಿಸಿದರು. 1955ರ ಹೊತ್ತಿಗೆ ದಿನಕ್ಕೆ ಸುಮಾರು 1,200 ಜನ ಬರುತ್ತಿದ್ದರು. ಗೋಡೆಗಳ ಮೇಲೆ ಹಸಿರು ಪಾಚಿ ಕಾಣಿಸಿಕೊಂಡಿತು, ಆಮೇಲೆ ಬಿಳಿಯ ಕ್ಯಾಲ್ಸೈಟ್ ಪೊರೆ ಚಿತ್ರಗಳ ಮೇಲೆ ಕಟ್ಟತೊಡಗಿತು. ಉಸಿರಿನ ಅನಿಲ ಗೋಡೆಯ ತೇವದಲ್ಲಿ ಕರಗಿ ಕಲ್ಲನ್ನು ತಿಂದು, ಮತ್ತೆ ಅದನ್ನೇ ಹೊರಗೆ ಹಾಕುತ್ತಿತ್ತು. ಸಾವಿರಾರು ವರ್ಷಗಳ ಲೆಕ್ಕದಲ್ಲಿ ನಾನು ಈಗಷ್ಟೇ ವಿವರಿಸಿದ ರಸಾಯನವೇ ಇಲ್ಲಿ ಹದಿನೈದು ವರ್ಷಗಳಲ್ಲಿ ನಡೆಯಿತು. 1963ರಲ್ಲಿ ಸಂಸ್ಕೃತಿ ಸಚಿವರಾಗಿದ್ದ ಆಂದ್ರೆ ಮಾಲ್ರೋ ಗುಹೆಯನ್ನು ಮುಚ್ಚಿಸಿದರು. ಪ್ರವಾಸಿಗರ ಹಣ ಬರುತ್ತಿದ್ದ ಗುಹೆಯನ್ನು ಸರ್ಕಾರವೇ ಮುಚ್ಚುವುದು ಸಣ್ಣ ನಿರ್ಧಾರವಲ್ಲ.

ಮುಚ್ಚಿದರೂ ಅದು ಹಳೆಯ ಆರೋಗ್ಯಕ್ಕೆ ಮರಳಲಿಲ್ಲ. ಗಾಳಿಯ ಹದ ಕಾಯಲು ಹೊಸ ಯಂತ್ರ ಕೂರಿಸಿದ ಬಳಿಕ 2001ರಲ್ಲಿ ಫ್ಯುಸೇರಿಯಂ ಎಂಬ ಬಿಳಿ ಬೂಷ್ಟು ನೆಲ, ಗೋಡೆಗಳಿಗೆ ಹಬ್ಬಿತು. ನೆಲಕ್ಕೆ ಸುಟ್ಟ ಸುಣ್ಣ ಹರಡಿದರು, ಔಷಧ ಬಳಿದರು. ಕೆಲವು ವರ್ಷಗಳಲ್ಲಿ ಕಪ್ಪು ಕಲೆಗಳು ಎದ್ದವು. ಒಂದನ್ನು ಕೊಲ್ಲಲು ಹಾಕಿದ ಮದ್ದು ಇನ್ನೊಂದಕ್ಕೆ ಜಾಗ ಮಾಡಿಕೊಡುವುದನ್ನು ಅಲ್ಲಿನ ವಿಜ್ಞಾನಿಗಳು ಕಣ್ಣಾರೆ ಕಂಡರು. ಈ ಕಥೆಯಲ್ಲಿ ನನ್ನನ್ನು ಹೆಚ್ಚು ಕಾಡುವುದು ಈ ಎರಡನೆಯ ಭಾಗ. ಗುಹೆ ಕೆಟ್ಟ ಮೇಲೆ ಸರಿಪಡಿಸುವ ವಿದ್ಯೆ ನಮ್ಮ ಬಳಿ ಬಹಳ ಕಡಿಮೆ ಇದೆ.

ಫ್ರೆಂಚರು ಕಲಿತರು. 1983ರಲ್ಲಿ ಲಾಸ್ಕೋದ ಪ್ರತಿಕೃತಿಯನ್ನು ಪಕ್ಕದಲ್ಲೇ ಕಟ್ಟಿ ಜನರಿಗೆ ತೆರೆದರು. 2016ರಲ್ಲಿ ಇನ್ನೂ ದೊಡ್ಡದನ್ನು ಕಟ್ಟಿದರು. 1994ರ ಡಿಸೆಂಬರ್‌ನಲ್ಲಿ ಅಂಥದ್ದೇ ಚಿತ್ರಗಳ ಶೋವೆ ಗುಹೆ ಸಿಕ್ಕಾಗ ಅದನ್ನು ಪ್ರವಾಸಿಗರಿಗೆ ಒಂದು ದಿನವೂ ತೆರೆಯಲಿಲ್ಲ. ಕಂಡುಹಿಡಿದ ಮೂವರು ಮೊದಲ ಭೇಟಿಗಳಿಂದಲೇ ತಾವು ಹೆಜ್ಜೆಯಿಟ್ಟ ಜಾಡಿನಲ್ಲೇ ಹೆಜ್ಜೆಯಿಟ್ಟು ಓಡಾಡಿದರು, ನೆಲದ ಮೇಲಿನ ಹಳೆಯ ಗುರುತುಗಳು ಅಳಿಯದಿರಲೆಂದು. ಅಲ್ಲಿಗೂ 2015ರಲ್ಲಿ ಪ್ರತಿಕೃತಿ ಬಂತು. ಪ್ರತಿಕೃತಿ ನೋಡುವುದರಲ್ಲಿ ಏನಿದೆ ಎಂದು ಕೇಳುವವರಿದ್ದಾರೆ. ಮೂಲವನ್ನು ನೋಡುವ ಹಕ್ಕಿಗಿಂತ ಮೂಲ ಉಳಿಯುವ ಹಕ್ಕು ದೊಡ್ಡದೆಂದು ನಾನು ನಂಬಿದ್ದೇನೆ.

ಎಲ್ಲ ಗುಹೆಗಳಿಗೂ ಬೀಗ ಜಡಿಯಬೇಕೆಂದು ಇದರ ಅರ್ಥವಲ್ಲ. ನ್ಯೂಜಿಲೆಂಡಿನ ವೈಟೊಮೊ ಗುಹೆಯಲ್ಲಿ ಚಾವಣಿಗೆ ಅಂಟಿಕೊಂಡ ಮಿನುಗು ಹುಳುಗಳನ್ನು ನೋಡಲು ಪ್ರತಿವರ್ಷ ಲಕ್ಷಾಂತರ ಜನ ಬರುತ್ತಾರೆ. ಅಲ್ಲಿ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಸತತವಾಗಿ ಅಳೆಯುತ್ತಾರೆ. ಹತ್ತು ಲಕ್ಷದಲ್ಲಿ 2,400 ಭಾಗದ ಮಿತಿ ದಾಟದಂತೆ ಜನರನ್ನು ಒಳಗೆ ಬಿಡುತ್ತಾರೆ. ಮೇಲಿನ ಬಾಗಿಲನ್ನು ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು ಎಂಬುದನ್ನೂ ಗಾಳಿ ನೋಡಿ ತೀರ್ಮಾನಿಸುತ್ತಾರೆ. ಒಳಗೆ ಎಷ್ಟು ಜನ ಇರಬಹುದು ಎಂಬುದಕ್ಕೆ ಗುಹೆಯ ಗಾಳಿಯೇ ಅಳತೆಗೋಲು.

ಮತ್ತೆ ಬೇಲಂಗೆ ಬರೋಣ. ಒಂದು ಕಾಲಕ್ಕೆ ಸುತ್ತಲಿನವರು ಕಸ ಸುರಿಯುವ ಗುಂಡಿಯಾಗಿದ್ದ ಜಾಗ ಅದು. 1999ರಲ್ಲಿ ಆಂಧ್ರದ ಪ್ರವಾಸೋದ್ಯಮ ನಿಗಮ ಕೈಗೆ ತೆಗೆದುಕೊಂಡು, ಹೂಳು ತೆಗೆಸಿ, ಹಾದಿ ಮಾಡಿಸಿ, ದೀಪ ಹಾಕಿಸಿ 2002ರಲ್ಲಿ ತೆರೆಯಿತು. ಸುಮಾರು ಒಂದೂವರೆ ಕಿಲೋಮೀಟರ್ ದೂರ ಪ್ರವಾಸಿಗರು ನಡೆಯಬಹುದು. ಕಸದ ಗುಂಡಿಯಾಗಿಯೇ ಉಳಿಯುವುದಕ್ಕಿಂತ ಇದು ಎಷ್ಟೋ ಮೇಲು, ಇದರಿಂದ ಊರಿಗೆ ದುಡಿಮೆಯೂ ಸಿಕ್ಕಿದೆ. ಆದರೆ ದೀಪದ ವಿಷಯದಲ್ಲಿ ಎಚ್ಚರ ಬೇಕು. ಗುಹೆಯೊಳಗೆ ಹೊತ್ತುಗಟ್ಟಲೆ ಉರಿಯುವ ಯಾವ ಬಲ್ಬಿನ ಸುತ್ತಲೂ ಪಾಚಿ ಹುಟ್ಟುತ್ತದೆ, ಆಮೇಲೆ ಹಾವಸೆ, ಆಮೇಲೆ ಜರಿಗಿಡ. ಇವು ಬಿಡುವ ಆಮ್ಲಗಳು ಕಲ್ಲನ್ನು ತಿನ್ನುತ್ತವೆ. ಬಣ್ಣಬಣ್ಣದ ಬೆಳಕು ಫೋಟೊಗೆ ಚೆನ್ನ, ಕಲ್ಲಿಗೆ ಬೇಕಿಲ್ಲ. ಜನ ಬಂದಾಗ ಮಾತ್ರ ಹೊತ್ತಿ, ದಾಟಿದೊಡನೆ ಆರುವ ಕಡಿಮೆ ಶಾಖದ ಎಲ್‌ಇಡಿ ದೀಪಗಳು ಈಗ ದುಬಾರಿಯೇನಲ್ಲ.

ಕರ್ನಾಟಕದಲ್ಲಿ ಸುಣ್ಣಕಲ್ಲಿನ ದೊಡ್ಡ ಗುಹೆಗಳು ವಿರಳ. ಯಾಣದ ಕಪ್ಪು ಶಿಖರಗಳು, ಕವಳಾ, ಇನ್ನು ಕೆಲವು. ನಮ್ಮವು ಹೆಚ್ಚಾಗಿ ಗ್ರಾನೈಟ್ ಬಂಡೆಗಳ ಸಂದಿಯ ಗವಿಗಳು, ಮುರಕಲ್ಲಿನ ಬಿಲಗಳು. ಉದ್ದ ನೋಡಿ ಬೆಲೆ ಕಟ್ಟಿದರೆ ಇವು ಯಾವ ಪಟ್ಟಿಗೂ ಸೇರುವುದಿಲ್ಲ. ಉದ್ದ ನೋಡಿ ಬೆಲೆ ಕಟ್ಟುವುದೇ ತಪ್ಪು ಎನ್ನಲು ಕೋಲಾರ ಜಿಲ್ಲೆಯ ಹನುಮನಹಳ್ಳಿ ಒಂದೇ ಸಾಕು. ಅಲ್ಲಿನ ಒಂದು ಗವಿಯಲ್ಲಿ ಎಲೆಯಾಕಾರದ ಮೂಗಿನ ಪುಟ್ಟ ಬಾವಲಿಯೊಂದಿದೆ. ವಿಜ್ಞಾನ ಅದನ್ನು ಪ್ರತ್ಯೇಕ ಜಾತಿಯೆಂದು ಗುರುತಿಸಿದ್ದು 1994ರಲ್ಲಿ. ಹಿಂದೆ ತೇರಹಳ್ಳಿಯಲ್ಲೂ ಇತ್ತು, ಈಗ ಅಲ್ಲಿಲ್ಲ. ಇಡೀ ಭೂಮಿಯಲ್ಲಿ ಅದು ಉಳಿದಿರುವುದು ತಿಳಿದಮಟ್ಟಿಗೆ ಈ ಒಂದೇ ಗವಿಯಲ್ಲಿ, ಸುಮಾರು ಇನ್ನೂರು ಅಥವಾ ಅದಕ್ಕೂ ಕಡಿಮೆ. ಕಲ್ಲುಗಣಿಗಾರಿಕೆ ಗವಿಯ ಹತ್ತಿರಕ್ಕೇ ಬಂದಿತ್ತು. ಸಿಡಿಮದ್ದಿನ ಒಂದು ಕೆಟ್ಟ ದಿನ ಸಾಕಿತ್ತು, ಒಂದು ಜಾತಿ ಪೂರ್ತಿ ಹೋಗಿಬಿಡಲು. ಹುಲಿಗೆ ಇಡೀ ದೇಶ ಮಿಡಿಯುತ್ತದೆ, ಅದು ಸರಿಯೇ. ಈ ಬಾವಲಿ ಮಾತ್ರ ನಮ್ಮ ರಾಜ್ಯದ ಒಂದು ಜಿಲ್ಲೆಯ ಒಂದು ಹಳ್ಳಿಯದು. ಇದಕ್ಕೆ ನಾವಲ್ಲದೆ ಬೇರೆ ಯಾರೂ ಇಲ್ಲ.

ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನ ತಳೇವಾಡಿ ಬಳಿಯ ಬಾರಾಪೇಡೆ ಗುಹೆಗಳ ಕಥೆಯೂ ಇಂಥದ್ದೇ. ರಾಟನ್ ಎಂಬವರ ಹೆಸರು ಹೊತ್ತ ಬಾವಲಿ 1913ರಲ್ಲಿ ಇಲ್ಲಿಂದಲೇ ಲೋಕಕ್ಕೆ ಪರಿಚಯವಾಯಿತು. ಬಹುಕಾಲ ಜಗತ್ತಿನಲ್ಲಿ ಬೇರೆಲ್ಲೂ ಅದು ಸಿಕ್ಕಿರಲಿಲ್ಲ. ಆಮೇಲೆ ಕಾಂಬೋಡಿಯಾದಲ್ಲಿ, ಮೇಘಾಲಯದಲ್ಲಿ ಕಂಡಿತು. ವನ್ಯಜೀವಿ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿ ಅದಕ್ಕೆ ಜಾಗವಿದೆ. 2011ರಲ್ಲಿ ಸುತ್ತಲಿನ ಕಾಡು ಭೀಮಗಡ ವನ್ಯಜೀವಿಧಾಮವಾಯಿತು. ಇಲ್ಲಿ ಆದದ್ದು ಸರಿಯಾದ ಕ್ರಮ. ಗುಹೆಯೊಂದನ್ನೇ ಕಾದಿದ್ದರೆ ಬಾವಲಿ ರಾತ್ರಿ ಹೊರಬಂದು ಹುಳು ಹಿಡಿಯಲು ಕಾಡೇ ಇರುತ್ತಿರಲಿಲ್ಲ.

ಬಾವಲಿಗಳಿರುವ ಗುಹೆಗೆ ಗೇಟು ಹಾಕುವುದಕ್ಕೂ ಒಂದು ಕ್ರಮವಿದೆ. ಉದ್ದಕ್ಕೆ ನಿಲ್ಲಿಸಿದ ಸರಳುಗಳು ಅವುಗಳ ರೆಕ್ಕೆಗೆ ಅಡ್ಡ. ಅಡ್ಡ ಸರಳುಗಳ ನಡುವೆ ಸುಮಾರು 15 ಸೆಂ.ಮೀ. ಅಂತರವಿದ್ದರೆ ಹಲವು ಜಾತಿಗಳು ಹಾದುಹೋಗುತ್ತವೆ. ವೇಗವಾಗಿ ಹಾರುವ ಕೆಲವು ಜಾತಿಗಳು ಯಾವ ಗೇಟನ್ನೂ ಒಪ್ಪದೆ ಗುಹೆಯನ್ನೇ ಬಿಡುತ್ತವೆ. ಹೆಚ್ಚಿನ ಬಾವಲಿಗಳು ವರ್ಷಕ್ಕೆ ಒಂದೇ ಮರಿ ಹಾಕುವುದರಿಂದ ಒಂದು ಹೆರಿಗೆಯ ಕಾಲ ಕೆಟ್ಟರೆ ತುಂಬಿಕೊಳ್ಳಲು ವರ್ಷಗಳೇ ಬೇಕು. ಮರಿ ಇರುವ ತಿಂಗಳುಗಳಲ್ಲಿ ಪ್ರವೇಶ ನಿಲ್ಲಿಸುವುದು ಕನಿಷ್ಠ ಮರ್ಯಾದೆ.

ಹೀಗೆ ಕಾಲ ನೋಡಿ ಮುಚ್ಚುವುದು ನಮಗೆ ಹೊಸದೇನಲ್ಲ. ಮಂಗಳೂರಿಗೆ ಹತ್ತಿರದ ನೆಲ್ಲಿತೀರ್ಥದ ಗುಹಾಲಯದಲ್ಲಿ ಬಗ್ಗಿ ತೆವಳಿ ಒಳಗೆ ಹೋಗಿ ಸೋಮೇಶ್ವರನ ದರ್ಶನ ಮಾಡಬೇಕು. ಮಳೆಗಾಲದ ತಿಂಗಳುಗಳಲ್ಲಿ ಅಲ್ಲಿ ಪ್ರವೇಶವಿಲ್ಲ. ಅಕ್ಟೋಬರ್‌ ಹೊತ್ತಿಗೆ ತೆರೆದು ಏಪ್ರಿಲ್‌ ಹೊತ್ತಿಗೆ ಮುಚ್ಚುತ್ತಾರೆ. ವರ್ಷದ ಅರ್ಧ ಕಾಲ ಗುಹೆ ತನ್ನಷ್ಟಕ್ಕೆ ತಾನಿರುತ್ತದೆ. ಮುಚ್ಚಿದ ಬಾಗಿಲನ್ನು ತೆರೆಯಿರೆಂದು ಭಕ್ತರು ಗಲಾಟೆ ಮಾಡುವುದಿಲ್ಲ, ದೇವರ ನಿಯಮವೆಂದು ಒಪ್ಪಿದ್ದಾರೆ. ಪ್ರವಾಸೋದ್ಯಮ ಇಲಾಖೆಯ ಫಲಕಕ್ಕೆ ಸಿಗದ ವಿಧೇಯತೆ ಅದು. ಗುಹೆಗಳ ನಿರ್ವಹಣೆಯ ಬಗ್ಗೆ ಯೋಜನೆ ಮಾಡುವವರು ಊರಿನ ಅರ್ಚಕರನ್ನು, ದೇವಸ್ಥಾನದ ಸಮಿತಿಯವರನ್ನು ಮೊದಲ ದಿನವೇ ಕೂರಿಸಿಕೊಂಡು ಮಾತನಾಡಬೇಕು.

ದೊಡ್ಡ ಕೇಡು ಬರುವುದು ಒಳಗೆ ಹೋಗುವವರಿಂದ ಅಲ್ಲ, ಮೇಲಿನಿಂದ. ಮೇಘಾಲಯದಲ್ಲಿ ಸಾವಿರಕ್ಕೂ ಹೆಚ್ಚು ಗುಹೆಗಳು ದಾಖಲಾಗಿವೆ. ಲಿಯಾತ್ ಪ್ರಾಹ್ ಗುಹಾಜಾಲ ಮೂವತ್ತು ಕಿಲೋಮೀಟರಿಗೂ ಉದ್ದ. ಮರಳುಗಲ್ಲಿನ ಕ್ರೆಮ್ ಪುರಿಯನ್ನು 24 ಕಿಲೋಮೀಟರಿಗೂ ಹೆಚ್ಚು ಅಳೆದಿದ್ದಾರೆ. 1992ರಿಂದ ಸ್ಥಳೀಯರೂ ವಿದೇಶೀಯರೂ ಕೂಡಿ ವರ್ಷವರ್ಷವೂ ಮಾಡಿದ ನಕ್ಷೆಯ ಕೆಲಸ ಇದಕ್ಕೆ ಆಧಾರ. ಅದೇ ಮೇಘಾಲಯದ ಜೈನ್ತಿಯಾ ಬೆಟ್ಟಗಳಲ್ಲಿ ಸಿಮೆಂಟಿಗೆ ಸುಣ್ಣಕಲ್ಲು, ಉರುವಲಿಗೆ ಕಲ್ಲಿದ್ದಲು ಅಗೆಯುತ್ತಾರೆ. ಕಲ್ಲಿದ್ದಲ ಗಣಿಯ ಗಂಧಕ ನೀರಿಗೆ ಸೇರಿದರೆ ಬರುವುದು ಕಾರ್ಬೋನಿಕ್ ಅಲ್ಲ, ಸಲ್ಫ್ಯೂರಿಕ್ ಆಮ್ಲ. ಆ ನೀರಿನಲ್ಲಿ ಮೀನು ಬದುಕುವುದಿಲ್ಲ. ಇಲಿಬಿಲದಂಥ ಗಣಿಗಳನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2014ರಲ್ಲಿ ನಿಷೇಧಿಸಿತು. ನಿಷೇಧದ ನಂತರವೂ, 2018ರ ಡಿಸೆಂಬರಿನಲ್ಲಿ, ಅಂಥ ಗಣಿಯೊಂದಕ್ಕೆ ನೀರು ನುಗ್ಗಿ ಕೂಲಿಗಳು ಸತ್ತರು. ಗುಹೆಯೂ ಮನುಷ್ಯನೂ ಒಂದೇ ಅಸಡ್ಡೆಗೆ ಬಲಿಯಾದರು.

ಅಮೆರಿಕ ತನ್ನ ಸರ್ಕಾರಿ ಭೂಮಿಯಲ್ಲಿನ ಗುಹೆಗಳಿಗಾಗಿ 1988ರಲ್ಲೇ ಪ್ರತ್ಯೇಕ ಕಾಯ್ದೆ ಮಾಡಿತು. ಕರ್ನಾಟಕಕ್ಕೆ ಬೇಕಾದ ಮೊದಲ ಕೆಲಸಗಳಿಗೆ ಹೊಸ ಕಾಯ್ದೆಯನ್ನು ಕಾಯಬೇಕಿಲ್ಲ. ತಾಲೂಕುವಾರು ಗವಿಗಳ ಪಟ್ಟಿ ಬೇಕು: ಎಲ್ಲಿದೆ, ಯಾವ ಕಲ್ಲು, ನೀರಿದೆಯೇ, ಬಾವಲಿಗಳಿವೆಯೇ, ಪೂಜೆಯಿದೆಯೇ. ಆಡು ಕಾಯುವ ಹುಡುಗರಿಗೂ ಜೇನು ಕೀಳುವವರಿಗೂ ಇವುಗಳ ಜಾಗ ಈಗಾಗಲೇ ಗೊತ್ತು. ಅವರ ಜೊತೆ ಕಾಲೇಜಿನ ಭೂವಿಜ್ಞಾನ, ಪ್ರಾಣಿವಿಜ್ಞಾನ ವಿಭಾಗಗಳು ಕೂತು ಬರೆದುಕೊಳ್ಳಬೇಕು. ಆ ಪಟ್ಟಿ ಪ್ರವಾಸಿಗರ ಕೈಗೆ ಹೋಗಬಾರದು. ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಮೇಜಿನ ಮೇಲೆ ಇರಬೇಕು. ಕಲ್ಲುಕ್ವಾರಿಗೆ ಅರ್ಜಿ ಬಂದ ದಿನ, ಸರ್ವೆ ನಂಬರಿನ ಜೊತೆಗೆ ಆ ನೆಲದಡಿಯಲ್ಲಿ ಅಥವಾ ಪಕ್ಕದ ಬಂಡೆಯಲ್ಲಿ ಗವಿ ಇದೆಯೇ ಎಂದು ನೋಡಿ, ಇದ್ದರೆ ಬಾವಲಿ ಬಲ್ಲವರನ್ನು ಕಳಿಸಿ, ಅವರ ವರದಿ ಬರುವವರೆಗೆ ಪರವಾನಗಿ ತಡೆಹಿಡಿಯಬೇಕು. ಈ ಸಭೆಯಲ್ಲಿರುವ ಕೋಲಾರದ, ಖಾನಾಪುರದ, ಜೊಯಿಡಾದ ಅಧ್ಯಾಪಕರು ಒಪ್ಪಿದರೆ ಪಟ್ಟಿಯ ಕೆಲಸವನ್ನು ಈ ಬೇಸಿಗೆಯಲ್ಲೇ, ಬಾವಲಿಗಳಿಗೆ ಮರಿಯಿರುವ ಗವಿಗಳನ್ನು ಹೊರಗಿನಿಂದಲೇ ಗುರುತು ಹಾಕಿಕೊಂಡು, ಆರಂಭಿಸಬಹುದು.